ಫ್ಯೂಸ್ ಕಾಯುವುದು ತಂತಿಯನ್ನು

ಮನೆಯ ಹಳೆಯ 60 ವ್ಯಾಟ್ ಬಲ್ಬು ಉರಿಯುವಾಗ ಅದರ ತಂತಿಯಲ್ಲಿ ಹರಿಯುವ ಕರೆಂಟು ಕಾಲು ಆಂಪ್‌ಗಿಂತ ತುಸು ಹೆಚ್ಚು, ಅಷ್ಟೆ. ಅದೇ 60 ವ್ಯಾಟಿನ ಬಲ್ಬು ಕಾರಿನ ಹೆಡ್‌ಲೈಟಿನಲ್ಲಿ ಉರಿದರೆ ಹರಿಯುವುದು 5 ಆಂಪ್. ಖರ್ಚಾಗುವ ಶಕ್ತಿ ಒಂದೇ, ತಂತಿಯ ಮೇಲೆ ಬೀಳುವ ಹೊರೆ ಮಾತ್ರ 19 ಪಟ್ಟು. ಮನೆಯಲ್ಲಿ 230 ವೋಲ್ಟ್, ಕಾರಿನಲ್ಲಿ 12 ವೋಲ್ಟ್. ವೋಲ್ಟೇಜು ಇಳಿದಷ್ಟೂ ಅದೇ ಕೆಲಸಕ್ಕೆ ಹೆಚ್ಚು ಕರೆಂಟು ಬೇಕು.

‘ಬರೀ ಹನ್ನೆರಡು ವೋಲ್ಟು ಸಾರ್, ಶಾಕ್ ಕೂಡ ಹೊಡೆಯಲ್ಲ’ ಎಂಬ ಮಾತನ್ನು ಆಕ್ಸೆಸರಿ ಅಂಗಡಿಗಳಲ್ಲಿ ಕೇಳದವರು ಕಡಿಮೆ. ಶಾಕ್ ಹೊಡೆಯುವುದಿಲ್ಲ ಎಂಬುದು ನಿಜ. ಆದರೆ ಕಾರಿನಲ್ಲಿ ಬೆಂಕಿ ಹೊತ್ತಿಸುವುದು ಶಾಕ್ ಅಲ್ಲವಲ್ಲ, ತಂತಿಯ ಬಿಸಿ. ಆ ಬಿಸಿ ಕರೆಂಟಿನಿಂದ ಹುಟ್ಟುತ್ತದೆ. ಬಾನೆಟ್ಟಿನ ಕೆಳಗಿರುವ ಬ್ಯಾಟರಿ ಎಂಜಿನ್ ಸ್ಟಾರ್ಟ್ ಮಾಡುವ ಕ್ಷಣದಲ್ಲಿ ನೂರು ಆಂಪ್‌ಗೂ ಹೆಚ್ಚು ಕರೆಂಟನ್ನು ಸಲೀಸಾಗಿ ಸುರಿಯುತ್ತದೆ. ಅದರ ಪಾಸಿಟಿವ್ ತುದಿಯಿಂದ ಹೊರಟ ಒಂದು ತೆಳ್ಳನೆಯ ತಂತಿ ಎಲ್ಲೋ ಸವೆದು ಕಾರಿನ ಬಾಡಿಗೆ ತಾಗಿದರೆ, ಅಷ್ಟನ್ನೂ ಅದರೊಳಗೆ ನುಗ್ಗಿಸಲು ಬ್ಯಾಟರಿ ಹಿಂದೆಮುಂದೆ ನೋಡುವುದಿಲ್ಲ.

ಡ್ಯಾಶ್‌ಕ್ಯಾಮ್, ರಿವರ್ಸ್ ಕ್ಯಾಮೆರಾ, ದೊಡ್ಡ ಪರದೆಯ ಆಂಡ್ರಾಯ್ಡ್ ಸ್ಟೀರಿಯೊ, ಸಬ್‌ವೂಫರ್, ಫಾಗ್ ಲ್ಯಾಂಪ್, ಜೋಡಿ ಹಾರ್ನ್, ಜಿಪಿಎಸ್ ಟ್ರ್ಯಾಕರ್, ಕಾಲಿನ ಬಳಿಯ ಬಣ್ಣದ ದೀಪ: ಹೊಸ ಕಾರು ಮನೆಗೆ ಬಂದ ಮೇಲೆ ಸೇರಿಕೊಳ್ಳುವ ಸಾಮಾನುಗಳ ಪಟ್ಟಿ ಉದ್ದವಾಗುತ್ತಲೇ ಇದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿರಲಿ, ಜಿಲ್ಲಾ ಕೇಂದ್ರದ ಬೈಪಾಸ್ ಪಕ್ಕದ ಅಂಗಡಿಯಲ್ಲಿರಲಿ, ಫಿಟಿಂಗ್ ಹೆಚ್ಚೆಂದರೆ ಒಂದೆರಡು ಗಂಟೆಯ ಕೆಲಸ. ಬೆಲೆ ಎಷ್ಟು, ಯಾವ ಬ್ರ್ಯಾಂಡು, ಗ್ಯಾರಂಟಿ ಎಷ್ಟು ವರ್ಷ ಎಂದು ಎಲ್ಲರೂ ಕೇಳುತ್ತಾರೆ. ‘ಲೈನ್ ಎಲ್ಲಿಂದ ತಗೊಂಡ್ರಿ? ಎಷ್ಟು ಆಂಪ್ ಫ್ಯೂಸ್ ಹಾಕಿದ್ರಿ? ಎಲ್ಲಿ ಹಾಕಿದ್ರಿ?’ ಎಂದು ಕೇಳುವವರು ವಿರಳ. ಈ ಮೂರು ಪ್ರಶ್ನೆಗಳನ್ನು ಪ್ರತಿಯೊಬ್ಬ ಕಾರು ಮಾಲೀಕರೂ ಕೇಳುವಂತಾಗಬೇಕು ಎಂಬುದೇ ಈ ಬರಹದ ಆಸೆ.

ಫ್ಯೂಸ್ ಯಾರ ಕಾವಲುಗಾರ?

ಇಂದಿನ ಕಾರುಗಳಲ್ಲಿರುವುದು ಬ್ಲೇಡ್ ಫ್ಯೂಸ್. ಅಂಬಾಸಿಡರ್ ಕಾಲದ ಬೆರಳೆಣಿಕೆಯ ಗಾಜಿನ ಫ್ಯೂಸುಗಳ ಜಾಗದಲ್ಲಿ, 1970ರ ದಶಕದಲ್ಲಿ ಅಮೆರಿಕದ ಲಿಟಲ್‌ಫ್ಯೂಸ್ ಕಂಪನಿ ತಂದ ಈ ಪುಟ್ಟ ಪ್ಲಾಸ್ಟಿಕ್ ತುಣುಕು ಜಗತ್ತಿನ ಕಾರುಗಳಲ್ಲೆಲ್ಲ ಹರಡಿತು. ಒಂದನ್ನು ಕಿತ್ತು ಬೆಳಕಿಗೆ ಹಿಡಿದು ನೋಡಿ. ಬಣ್ಣದ ಪ್ಲಾಸ್ಟಿಕ್ಕಿನೊಳಗೆ ಎರಡು ಚಪ್ಪಟೆ ಕಾಲುಗಳು, ನಡುವೆ ಬಾಗಿದ ಒಂದು ಸಪೂರ ಪಟ್ಟಿ. ಆ ಪಟ್ಟಿ ಸಾಮಾನ್ಯವಾಗಿ ಸತುವಿನದು. ಸತು ಕರಗುವುದು 419 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತಂತಿಯ ತಾಮ್ರ 1085ರಲ್ಲಿ. ನೆತ್ತಿಯ ಮೇಲೆ ಎರಡು ಕಡೆ ಲೋಹದ ಚುಕ್ಕೆಯಷ್ಟು ಜಾಗ ತೆರೆದಿರುತ್ತದೆ. ಫ್ಯೂಸನ್ನು ಕೀಳದೆಯೇ ಅಲ್ಲಿ ಟೆಸ್ಟರ್ ಇಟ್ಟು, ಎರಡೂ ಕಡೆ ಕರೆಂಟು ಬರುತ್ತಿದೆಯೇ ಎಂದು ನೋಡಬಹುದು. ಬಣ್ಣವೇ ಅದರ ಅಳತೆ: ಬೂದು 2 ಆಂಪ್, ನೇರಳೆ 3, ನಸುಕಂದು 5, ಕಂದು 7.5, ಕೆಂಪು 10, ನೀಲಿ 15, ಹಳದಿ 20, ಬಣ್ಣವಿಲ್ಲದ್ದು 25, ಹಸಿರು 30.

ಫ್ಯೂಸ್ ಇರುವುದು ಸ್ಟೀರಿಯೊವನ್ನೋ ಕ್ಯಾಮೆರಾವನ್ನೋ ಉಳಿಸಲು ಎಂದು ಬಹಳ ಮಂದಿ ನಂಬಿದ್ದಾರೆ. ಆದರೆ ಕ್ಯಾಮೆರಾದೊಳಗಿನ ಚಿಪ್ ಸುಟ್ಟುಹೋಗಲು ಸಾಕಾಗುವಷ್ಟು ಹೊತ್ತಿನಲ್ಲಿ ಫ್ಯೂಸ್ ಇನ್ನೂ ಬೆಚ್ಚಗೂ ಆಗಿರುವುದಿಲ್ಲ. ಕಾರಿನ ಫ್ಯೂಸಿನ ಕೆಲಸ ತನ್ನಿಂದ ಮುಂದಕ್ಕೆ ಹೋಗುವ ತಂತಿಯನ್ನು ಕಾಯುವುದು. ಆ ತಂತಿ ಹೊರಲಾರದಷ್ಟು ಕರೆಂಟು ಹರಿಯತೊಡಗಿದರೆ, ತಂತಿಯ ಹೊದಿಕೆ ಕರಗುವ ಮೊದಲು ತಾನು ಕರಗಿ ದಾರಿ ಮುಚ್ಚುವುದು. ಮನೆಯ ಪಿಂಗಾಣಿ ಫ್ಯೂಸಿಗೆ ತಂತಿ ಕಟ್ಟುತ್ತಿದ್ದ ಕಾಲವನ್ನು ನೋಡಿದವರಿಗೆ ಇದು ಹೊಸದೇನಲ್ಲ: ದಪ್ಪ ತಂತಿ ಕಟ್ಟಿದರೆ ಫ್ಯೂಸ್ ಹೋಗುವುದು ನಿಲ್ಲುತ್ತಿತ್ತು, ಗೋಡೆಯೊಳಗಿನ ವೈರು ಸುಡಲು ಶುರುವಾಗುತ್ತಿತ್ತು.

ಹೀಗಾಗಿ ಫ್ಯೂಸ್ ಆರಿಸುವಾಗ ಎರಡು ಅಂಕಿಗಳ ನಡುವೆ ನಿಲ್ಲಬೇಕಾಗುತ್ತದೆ. ಉಪಕರಣ ಎಳೆಯುವ ಕರೆಂಟಿಗಿಂತ ಫ್ಯೂಸ್ ದೊಡ್ಡದಿರಬೇಕು, ಇಲ್ಲದಿದ್ದರೆ ಸುಮ್ಮಸುಮ್ಮನೆ ಹೋಗುತ್ತದೆ. ತಂತಿ ತಾಳುವ ಕರೆಂಟಿಗಿಂತ ಚಿಕ್ಕದಿರಬೇಕು. ಒಂದೇ ಸಾಲಿನಲ್ಲಿ ದಪ್ಪ ತಂತಿಯೂ ತೆಳು ತಂತಿಯೂ ಇದ್ದರೆ ಲೆಕ್ಕಕ್ಕೆ ಬರುವುದು ಅತಿ ತೆಳ್ಳನೆಯದು. ಎರಡರ ನಡುವೆ ಜಾಗವೇ ಇಲ್ಲವೆಂದರೆ ತಂತಿ ಬದಲಿಸಬೇಕು. ಫ್ಯೂಸ್ ದೊಡ್ಡದು ಮಾಡುವುದು ಅದಕ್ಕೆ ಉತ್ತರವಲ್ಲ.

ಡ್ಯಾಶ್‌ಕ್ಯಾಮಿನ ಎಳೆ

ಈಗ ಎಲ್ಲರೂ ಹಾಕಿಸುತ್ತಿರುವ ಡ್ಯಾಶ್‌ಕ್ಯಾಮನ್ನೇ ಹತ್ತಿರದಿಂದ ನೋಡೋಣ. ಅದು ಬಳಸುವುದು ಸುಮಾರು 5 ವ್ಯಾಟ್. 12 ವೋಲ್ಟಿನ ಲೈನಿನಲ್ಲಿ ಅರ್ಧ ಆಂಪ್ ಕೂಡ ಇಲ್ಲ. ಅದರ ಜೊತೆ ಬರುವ ತಂತಿಯೂ ಅಷ್ಟೇ ಸಪೂರ, ಒಳಗಿನ ತಾಮ್ರ ಸುಮಾರು 0.3 ಚದರ ಮಿಲಿಮೀಟರ್. ಫಿಟಿಂಗ್ ಮಾಡುವ ಹುಡುಗ ಅವಸರದಲ್ಲಿ ಸಿಗರೇಟ್ ಲೈಟರ್ ಸಾಕೆಟ್ಟಿನ ಹಿಂದಿನ ವೈರನ್ನು ಸುಲಿದು, ಕ್ಯಾಮೆರಾದ ಎಳೆಯನ್ನು ಅದಕ್ಕೆ ಸುತ್ತಿ ಟೇಪು ಹಾಕುತ್ತಾನೆ. ಕ್ಯಾಮೆರಾ ಆನ್ ಆಗುತ್ತದೆ. ಎಲ್ಲರಿಗೂ ಸಂತೋಷ.

ಆದರೆ ಆ ಸಾಕೆಟ್ಟಿನ ಫ್ಯೂಸ್ ಅನೇಕ ಕಾರುಗಳಲ್ಲಿ 15 ಅಥವಾ 20 ಆಂಪ್. ಅದನ್ನು ಕಂಪನಿಯವರು ಹಾಕಿದ್ದು ತಾವು ಎಳೆದ ದಪ್ಪ ತಂತಿಗೆ. ಅದಕ್ಕೆ ಜೋತುಬಿದ್ದ 0.3ರ ಎಳೆಯ ವಿಷಯ ಆ ಫ್ಯೂಸಿಗೆ ಗೊತ್ತೇ ಇಲ್ಲ. ಒಂದು ಚದರ ಮಿಲಿಮೀಟರ್ ತಾಮ್ರದ ತಂತಿಗೆ ಮೀಟರೊಂದಕ್ಕೆ ಸುಮಾರು 0.0175 ಓಮ್ ರೋಧ, 0.3ರ ತಂತಿಗೆ 0.058. ಬಿಸಿಯ ಲೆಕ್ಕಕ್ಕೆ ಕರೆಂಟನ್ನು ಕರೆಂಟಿನಿಂದಲೇ ಗುಣಿಸಿ, ಬಂದದ್ದನ್ನು ರೋಧದಿಂದ ಗುಣಿಸಬೇಕು. ಅರ್ಧ ಆಂಪ್ ಹರಿಯುವಾಗ ಈ ಎಳೆ ಮೀಟರಿಗೆ ಒಂದು ವ್ಯಾಟಿನ ನೂರನೇ ಒಂದೆರಡು ಪಾಲಿನಷ್ಟು ಬಿಸಿಯಾಗುತ್ತದೆ. ಕೈಗೆ ತಿಳಿಯುವುದೂ ಇಲ್ಲ. ಒಂದು ದಿನ ಕ್ಯಾಮೆರಾದ ಅಡಾಪ್ಟರ್ ಒಳಗೇ ಕೆಟ್ಟು, ಅಥವಾ ತಂತಿ ಮುಂಗಾಜಿನ ಪಕ್ಕದ ಕಂಬದ ತಗಡಿನ ಅಂಚಿಗೆ ಉಜ್ಜಿ ಅರೆಬರೆ ತಾಗಿ, 20 ಆಂಪ್ ಹರಿಯತೊಡಗಿತು ಎನ್ನಿ. ಈಗ ಮೀಟರಿಗೆ 23 ವ್ಯಾಟ್. ರೂಫ್ ಲೈನಿಂಗಿನ ಬಟ್ಟೆ, ಫೋಮುಗಳ ನಡುವೆ, ಗಾಳಿಯಾಡದ ಸಂದಿಯಲ್ಲಿ, ಉದ್ದಕ್ಕೂ. 20 ಆಂಪ್ ಫ್ಯೂಸಿನ ಕಣ್ಣಲ್ಲಿ ಎಲ್ಲವೂ ಸರಿಯಾಗಿಯೇ ಇದೆ.

ತಂತಿ ನೇರವಾಗಿ ಬಾಡಿಗೆ ತಾಗಿ ಪೂರ್ತಿ ಶಾರ್ಟ್ ಆದರೆ ಅರವತ್ತು ಎಪ್ಪತ್ತು ಆಂಪ್ ಹರಿದು ಅದೇ ಫ್ಯೂಸ್ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹೋಗಬಹುದು. ಅರೆಬರೆ ಶಾರ್ಟ್ ಹೆಚ್ಚು ಅಪಾಯಕಾರಿ. ಬ್ಲೇಡ್ ಫ್ಯೂಸ್ ತಯಾರಕರ ಕೋಷ್ಟಕಗಳನ್ನು ನೋಡಿದರೆ ಇದು ಅರ್ಥವಾಗುತ್ತದೆ. ಫ್ಯೂಸ್ ತನ್ನ ಅಂಕಿಯ ಶೇ 110ರಷ್ಟು ಕರೆಂಟನ್ನು 100 ಗಂಟೆ ಹೊತ್ತರೂ ಹೋಗಬಾರದು ಎಂಬುದು ನಿಯಮ. ಶೇ 135ರಷ್ಟು ಹರಿದರೆ 10 ನಿಮಿಷದವರೆಗೂ ತಾಳಬಹುದು. ದುಪ್ಪಟ್ಟು ಹರಿದರೆ 5 ಸೆಕೆಂಡಿನೊಳಗೆ ಹೋಗಬೇಕು. 20 ಆಂಪ್ ಎಂದು ಬರೆದ ಫ್ಯೂಸ್ 20ನ್ನು ದಾಟಿದ ಕೂಡಲೇ ಕತ್ತರಿಸಿಬಿಡುತ್ತದೆ ಎಂಬುದು ಬರೀ ಭಾವನೆ. 27 ಆಂಪ್ ಹರಿದರೂ ಅದು ಹತ್ತು ನಿಮಿಷ ಸುಮ್ಮನಿರಬಹುದು.

ಪರಿಹಾರ ಕೆಲವೇ ರೂಪಾಯಿಯದು. ಕ್ಯಾಮೆರಾದ ತಂತಿ ಎಲ್ಲಿ ದೊಡ್ಡ ಲೈನಿನಿಂದ ಕವಲೊಡೆಯುತ್ತದೋ ಅಲ್ಲೇ ಅದಕ್ಕೆ ತನ್ನದೇ 2 ಅಥವಾ 3 ಆಂಪ್ ಫ್ಯೂಸ್. ದೊಡ್ಡ ಹಳ್ಳದಿಂದ ಸಣ್ಣ ಕಾಲುವೆ ತೆಗೆದವರು ತೂಬು ಇಡುವುದು ಕಾಲುವೆಯ ಬಾಯಲ್ಲಿ. ತಂತಿಯ ಮಟ್ಟಿಗೂ ಅದೇ ಜಾಗ ಸರಿ.

ಇದಕ್ಕೆಂದೇ ಫ್ಯೂಸ್ ಟ್ಯಾಪ್ ಸಿಗುತ್ತದೆ. ಫ್ಯೂಸ್ ಬಾಕ್ಸಿನಿಂದ ಒಂದು ಫ್ಯೂಸನ್ನು ಕಿತ್ತು, ಆ ಜಾಗದಲ್ಲಿ ಎರಡು ಫ್ಯೂಸ್ ಹಿಡಿಯುವ ಈ ಟ್ಯಾಪ್ ಕೂರಿಸುವುದು. ಕೆಳಗಿನ ಮನೆಯಲ್ಲಿ ಹಳೆಯ ಫ್ಯೂಸ್, ಮೇಲಿನದರಲ್ಲಿ ಹೊಸದು. ಒಂದೂ ತಂತಿ ಕತ್ತರಿಸಬೇಕಿಲ್ಲ. ಆದರೆ ಇದನ್ನು ಎರಡು ದಿಕ್ಕಿನಲ್ಲಿ ಕೂರಿಸಬಹುದು, ಸರಿಯಾದದ್ದು ಒಂದೇ. ಹಳೆಯ ಫ್ಯೂಸ್ ಕಿತ್ತ ಮೇಲೆ ಉಳಿದ ಎರಡು ಸೀಳುಗಳಲ್ಲಿ ಯಾವುದಕ್ಕೆ ಕರೆಂಟು ಬರುತ್ತಿದೆ ಎಂದು ಟೆಸ್ಟರ್ ಇಟ್ಟು ನೋಡಬೇಕು. ಟ್ಯಾಪಿನ ಕವಲು ಹೊರಡುವ ಕಾಲು ಆ ಜೀವಂತ ಸೀಳಿಗೆ ಬರಬೇಕು. ತಿರುಗುಮುರುಗಾಗಿ ಕೂರಿಸಿದರೂ ಕ್ಯಾಮೆರಾ ಕೆಲಸ ಮಾಡುತ್ತದೆ, ಆದರೆ ಹಳೆಯ ಉಪಕರಣದ ಕರೆಂಟಿನ ಜೊತೆ ಹೊಸದರ ಕರೆಂಟೂ ಹಳೆಯ ಫ್ಯೂಸಿನ ಮೂಲಕವೇ ಹರಿಯುತ್ತದೆ. ಫ್ಯೂಸಿನ ಗಾತ್ರದಲ್ಲೂ ಮಿನಿ, ಮೈಕ್ರೊ, ಲೋ ಪ್ರೊಫೈಲ್ ಎಂದು ಬಗೆಗಳಿವೆ. ಬೇರೆ ಗಾತ್ರದ ಟ್ಯಾಪನ್ನು ಒತ್ತಿ ತುರುಕಿದರೆ ಸೀಳು ಅಗಲವಾಗಿ, ಮುಂದೆ ಸರಿಯಾದ ಫ್ಯೂಸ್ ಹಾಕಿದರೂ ಸಡಿಲವಾಗಿಯೇ ಇರುತ್ತದೆ.

ಯಾವ ಫ್ಯೂಸಿನಿಂದ ಲೈನ್ ತೆಗೆಯಬಾರದು ಎಂಬುದೂ ಗೊತ್ತಿರಬೇಕು. ಏರ್‌ಬ್ಯಾಗ್, ಎಬಿಎಸ್, ಪವರ್ ಸ್ಟೀರಿಂಗ್, ಎಂಜಿನ್ ಕಂಪ್ಯೂಟರ್: ಇವುಗಳ ತಂಟೆಗೆ ಯಾವ ಕಾರಣಕ್ಕೂ ಹೋಗಬಾರದು. ಸಾಕೆಟ್ ಅಥವಾ ಸ್ಟೀರಿಯೊದಂಥ ಲೈನುಗಳು ಸಾಕು. ತಂತಿಯನ್ನು ಮುಂಗಾಜಿನ ಪಕ್ಕದ ಕಂಬದೊಳಗೆ ಇಳಿಸುವಾಗ ಅಲ್ಲಿ ಕರ್ಟನ್ ಏರ್‌ಬ್ಯಾಗ್ ಮಡಚಿಟ್ಟಿದೆಯೇ ನೋಡಿ, ಇದ್ದರೆ ತಂತಿ ಅದರ ಹಿಂದಿನಿಂದ ಹೋಗಬೇಕು. ಏರ್‌ಬ್ಯಾಗಿನ ಎದುರು ತಂತಿ ಅಡ್ಡಬಂದರೆ ಅದು ಬಿಚ್ಚಿಕೊಳ್ಳುವ ದಾರಿಯೇ ಕೆಡುತ್ತದೆ.

ಚಾರ್ಮಾಡಿಯ ಮಂಜಿಗೆ ಎಷ್ಟು ಆಂಪ್?

ಮಳೆಗಾಲದಲ್ಲಿ ಚಾರ್ಮಾಡಿ, ಶಿರಾಡಿ, ಆಗುಂಬೆ ಘಾಟಿ ಹತ್ತಿಳಿಯುವವರಿಗೆ ಫಾಗ್ ಲ್ಯಾಂಪ್ ಶೋಕಿಯ ವಸ್ತುವಲ್ಲ. ಫ್ಯೂಸಿನ ಲೆಕ್ಕ ಕಲಿಯಲು ಅದಕ್ಕಿಂತ ಒಳ್ಳೆಯ ಉದಾಹರಣೆಯೂ ಇಲ್ಲ.

55 ವ್ಯಾಟಿನ ಎರಡು ಹ್ಯಾಲೊಜನ್ ದೀಪ, ಒಟ್ಟು 110 ವ್ಯಾಟ್. 12ರಿಂದ ಭಾಗಿಸಿದರೆ 9.2 ಆಂಪ್. ಎಂಜಿನ್ ಓಡುವಾಗ ಆಲ್ಟರ್ನೇಟರ್ ವೋಲ್ಟೇಜನ್ನು 14ರ ಆಸುಪಾಸಿಗೆ ಏರಿಸಿರುತ್ತದೆ. ಆಗ ದೀಪಗಳು ಎಳೆಯುವುದೂ ಏರಿ ಸುಮಾರು 10 ಆಂಪ್ ಆಗುತ್ತದೆ. ಹಾಗಾದರೆ ಕೆಂಪು ಬಣ್ಣದ 10 ಆಂಪ್ ಫ್ಯೂಸ್ ಸಾಕೇ? ಸಾಲದು. ಗಂಟೆಗಟ್ಟಲೆ ಉರಿಯುವ ಹೊರೆಯನ್ನು ಫ್ಯೂಸಿನ ಅಂಕಿಯ ಮುಕ್ಕಾಲು ಪಾಲಿನೊಳಗೆ ಇರಿಸಬೇಕು ಎಂಬುದು ಅನುಭವಸ್ಥರ ರೂಢಿ. ತಣ್ಣಗಿರುವ ಹ್ಯಾಲೊಜನ್ ತಂತು ಹೊತ್ತಿಕೊಳ್ಳುವ ಕ್ಷಣಕ್ಕೆ ಹಲವು ಪಟ್ಟು ಕರೆಂಟು ಎಳೆಯುವುದೂ ಇದಕ್ಕೊಂದು ಕಾರಣ. 10ನ್ನು 0.75ರಿಂದ ಭಾಗಿಸಿದರೆ 13.3. ಅದರ ಮೇಲಿನ ಅಳತೆ ನೀಲಿ ಬಣ್ಣದ 15 ಆಂಪ್.

ಈಗ ತಂತಿಯ ಸರದಿ. 15 ಆಂಪ್ ಫ್ಯೂಸ್ ಕಾಯಬೇಕಾದ ತಂತಿ 15 ಆಂಪನ್ನು ನಿರಾಳವಾಗಿ ಹೊರಬೇಕು, ಅದೂ ಎಂಜಿನ್ನಿನ ಬಿಸಿಯ ಪಕ್ಕದಲ್ಲಿ. ನಾನಾದರೆ 2.5 ಚದರ ಮಿಲಿಮೀಟರಿಗಿಂತ ಕೆಳಗೆ ಇಳಿಯುವುದಿಲ್ಲ. ಅದರಲ್ಲಿ ಮೂರು ಮೀಟರ್ ದೂರಕ್ಕೆ ಕಳೆದುಹೋಗುವುದು 0.2 ವೋಲ್ಟ್ ಮಾತ್ರ. ಕಿಟ್ ಜೊತೆ ಬರುವ ಅಗ್ಗದ 0.75ರ ತಂತಿಯಲ್ಲಾದರೆ 0.7 ವೋಲ್ಟ್, ಅಂದರೆ ಶೇ 5. ಹ್ಯಾಲೊಜನ್ ದೀಪಕ್ಕೆ ಶೇ 5ರಷ್ಟು ವೋಲ್ಟೇಜು ಕಡಿಮೆಯಾದರೆ ಬೆಳಕು ಸುಮಾರು ಶೇ 15ರಷ್ಟು ಕುಗ್ಗುತ್ತದೆ. ಮಂಜಿನಲ್ಲಿ ಕಾಣಲೆಂದು ಕೊಂಡ ದೀಪದ ಬೆಳಕನ್ನು ತಂತಿಯೇ ತಿಂದರೆ ಏನು ಬಂತು?

ಈ 10 ಆಂಪನ್ನು ಡ್ಯಾಶ್‌ಬೋರ್ಡಿನ ಪುಟ್ಟ ಸ್ವಿಚ್ಚಿನ ಮೂಲಕ ಹರಿಸುವುದೂ ತಪ್ಪು. ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ರಿಲೇ ಇರುವುದು ಅದಕ್ಕೇ. ರಿಲೇಯ ಕಾಲುಗಳ ಮೇಲಿನ ಅಂಕಿಗಳು ಜರ್ಮನ್ ಮಾನದಂಡದವು, ಊರೂರಿನ ಆಟೊ ಎಲೆಕ್ಟ್ರಿಷಿಯನ್‌ಗೂ ಬಾಯಿಪಾಠ: 30ಕ್ಕೆ ಬ್ಯಾಟರಿಯಿಂದ ಫ್ಯೂಸ್ ದಾಟಿ ಬಂದ ಲೈನ್, 87ರಿಂದ ದೀಪಕ್ಕೆ, 85 ಮತ್ತು 86 ಒಳಗಿನ ಕಾಯಿಲಿಗೆ. ಸ್ವಿಚ್ಚಿನಲ್ಲಿ ಹರಿಯುವುದು ಕಾಯಿಲಿಗೆ ಬೇಕಾದ 0.2 ಆಂಪ್‌ಗಿಂತ ಕಡಿಮೆ. ದಪ್ಪ ಕರೆಂಟು ಬಾನೆಟ್ಟಿನೊಳಗೇ ಸುತ್ತಿ ಮುಗಿಯುತ್ತದೆ. ಜೋಡಿ ಹಾರ್ನಿಗೂ ಇದೇ ಏರ್ಪಾಡು. ಇನ್ನು 60/55 ವ್ಯಾಟಿನ ಹೆಡ್‌ಲೈಟಿಗೆ 100/90ರ ಬಲ್ಬು ಹಾಕಿಸುವ ಚಟ: ಎದುರಿನವರ ಕಣ್ಣು ಕುಕ್ಕುವ ಅಪರಾಧ ಒಂದು ಕಡೆಯಾದರೆ, ಒಂದೊಂದು ಬಲ್ಬು 8 ಆಂಪ್ ಎಳೆದು 5 ಆಂಪಿಗೆಂದು ಮಾಡಿದ ಕಪ್ಲರನ್ನು ಕರಗಿಸುವುದು ಇನ್ನೊಂದು. ಬೇಡವೇ ಬೇಡ.

ಫ್ಯೂಸ್ ಎಲ್ಲಿರಬೇಕು ಎಂಬುದಕ್ಕೆ ಉತ್ತರ ಸಬ್‌ವೂಫರ್ ಆಂಪ್ಲಿಫೈಯರ್ ಹಾಕಿಸುವಾಗ ನಿಚ್ಚಳವಾಗುತ್ತದೆ. ಬ್ಯಾಟರಿ ಮುಂದೆ, ಆಂಪ್ಲಿಫೈಯರ್ ಡಿಕ್ಕಿಯಲ್ಲಿ. ನಡುವೆ ನಾಲ್ಕೈದು ಮೀಟರ್ ದಪ್ಪ ತಂತಿ, ಎಂಜಿನ್ ಹಿಂದಿನ ತಗಡನ್ನು ತೂರಿ, ಬಾಗಿಲ ಹೊಸ್ತಿಲ ಕೆಳಗೆ, ಸೀಟಿನ ಕಂಬಿಗಳ ಪಕ್ಕದಲ್ಲಿ ಸಾಗುತ್ತದೆ. ‘ಆಂಪ್ಲಿಫೈಯರಿನಲ್ಲೇ ಫ್ಯೂಸ್ ಇದೆಯಲ್ಲ ಸಾರ್’ ಎನ್ನುತ್ತಾರೆ. ಇದೆ, ಆದರೆ ಅದು ತಂತಿಯ ಕೊನೆಯಲ್ಲಿದೆ. ಹೊಸ್ತಿಲ ಕೆಳಗೆ ತಂತಿ ಸವೆದು ಬಾಡಿಗೆ ತಾಗಿದರೆ ಕರೆಂಟು ಆ ಫ್ಯೂಸಿನವರೆಗೆ ಹೋಗುವುದೇ ಇಲ್ಲ. ಅಲ್ಲಿಂದಲೇ ಬಾಡಿಯ ಮೂಲಕ ಬ್ಯಾಟರಿಗೆ ಮರಳುತ್ತದೆ. ಆದ್ದರಿಂದ ಮುಖ್ಯ ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ, ಹೆಚ್ಚೆಂದರೆ ಒಂದೂವರೆ ಅಡಿಯೊಳಗೆ ಇರಬೇಕು. ಬ್ಯಾಟರಿಯಿಂದ ಫ್ಯೂಸಿನವರೆಗಿನ ತುಂಡು ತಂತಿಗೆ ಕಾವಲೇ ಇರುವುದಿಲ್ಲ. ಅದು ಎಷ್ಟು ಗಿಡ್ಡವೋ ಅಷ್ಟು ಕ್ಷೇಮ. ತಗಡನ್ನು ತೂರುವಲ್ಲಿ ರಬ್ಬರಿನ ಗ್ರಾಮೆಟ್ ಇರಲೇಬೇಕು. ಫ್ಯೂಸಿನ ಅಳತೆ ಆರಿಸುವಾಗ ಡಬ್ಬದ ಮೇಲೆ ದೊಡ್ಡದಾಗಿ ಬರೆದ ‘2000 ವ್ಯಾಟ್’ ಲೆಕ್ಕಕ್ಕಿಲ್ಲ, ಒಳಗಿನ ಕೈಪಿಡಿಯಲ್ಲಿರುವ ಆರ್‌ಎಂಎಸ್ ಅಂಕಿ, ಅಂದರೆ ಸತತವಾಗಿ ಕೊಡಬಲ್ಲ ಶಕ್ತಿ, ನೋಡಿ. ಆರ್‌ಎಂಎಸ್ 400 ವ್ಯಾಟಿನ ಸಾಧಾರಣ ಆಂಪ್ಲಿಫೈಯರ್ ಶೇ 60ರಷ್ಟು ದಕ್ಷ ಎಂದುಕೊಂಡರೆ ಎಂಜಿನ್ ಓಡುವಾಗಿನ 14 ವೋಲ್ಟಿನಲ್ಲಿ, ಪೂರ್ತಿ ಜೋರಿನಲ್ಲಿ ಎಳೆಯುವುದು 48 ಆಂಪ್.

ಆ ತಂತಿ ಶುದ್ಧ ತಾಮ್ರದ್ದೇ ಎಂದು ಖಾತ್ರಿ ಮಾಡಿಕೊಳ್ಳಿ. ಅಗ್ಗದ ಕಿಟ್ಟುಗಳಲ್ಲಿ ಬರುವುದು ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ. ಅದರ ವಾಹಕತೆ ತಾಮ್ರದ ಮೂರನೇ ಎರಡು ಪಾಲಿನಷ್ಟೂ ಬರುವುದಿಲ್ಲ. ಎಳೆಯನ್ನು ಚಾಕುವಿನಿಂದ ಕೆರೆದರೆ ಬೆಳ್ಳಗಿನ ಲೋಹ ಕಂಡೀತು. ತವರ ಲೇಪಿಸಿದ ತಾಮ್ರವೂ ಹೊರಗೆ ಬೆಳ್ಳಗಿರುತ್ತದೆ, ಕೆರೆದರೆ ಒಳಗೆ ಕೆಂಪು. ಮನೆ ವೈರಿಂಗಿನಲ್ಲಿ ಉಳಿದ ತಂತಿಯನ್ನು ಕಾರಿಗೆ ಹಾಕುವುದೂ ನಮ್ಮಲ್ಲಿ ರೂಢಿ. ಮನೆಯ ಸಾಧಾರಣ ಪಿವಿಸಿ ತಂತಿಯ ಹೊದಿಕೆ 70 ಡಿಗ್ರಿಗೆಂದು ಮಾಡಿದ್ದು; ಎಂಜಿನ್ ಕೋಣೆಗೆ 100 ಡಿಗ್ರಿ ದಾಟಿ ತಾಳುವ ಆಟೊ ಕೇಬಲ್ಲೇ ಬೇಕು. ಸಣ್ಣ ಸಣ್ಣ ಎಳೆಗಳು ಹೆಚ್ಚಿದ್ದಷ್ಟೂ ಅದು ಅದುರನ್ನು ಸಹಿಸುತ್ತದೆ.

ಫ್ಯೂಸಿಗೆ ಕಾಣದ ಬಿಸಿ

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಫ್ಯೂಸ್ ಹಿಡಿಯಲಾರದ ಒಂದು ತಪ್ಪಿದೆ. ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಅದೇ: ಸಡಿಲ ಜೋಡಣೆ.

ಫಾಗ್ ಲ್ಯಾಂಪಿನ 10 ಆಂಪ್ ಹರಿಯುವ ಲೈನಿನಲ್ಲಿ ಒಂದು ಕಡೆ ತಂತಿಗಳನ್ನು ಕೈಯಲ್ಲಿ ಹೊಸೆದು ಟೇಪು ಸುತ್ತಿದ್ದಾರೆ. ಮಳೆ, ಧೂಳು, ಅದುರು. ಕೆಲವು ತಿಂಗಳಲ್ಲಿ ತಾಮ್ರಕ್ಕೆ ಕಿಲುಬು ಹಿಡಿದು ಆ ಗಂಟಿನ ರೋಧ 0.2 ಓಮ್ ಆಯಿತು ಎನ್ನಿ. ಹತ್ತು ಹತ್ತಲಿ ನೂರು, ಗುಣಿಸು 0.2: ಆ ಬೆರಳುದ್ದದ ಗಂಟಿನಲ್ಲಿ 20 ವ್ಯಾಟ್ ಬಿಸಿ. ರೇಡಿಯೊ ರಿಪೇರಿಯವರ ಸಣ್ಣ ಸೋಲ್ಡರಿಂಗ್ ಐರನ್ ಸುಮಾರು ಅಷ್ಟೇ ವ್ಯಾಟಿನದು. ರೋಧ ಹೆಚ್ಚಿದ್ದರಿಂದ ಕರೆಂಟು ಹೆಚ್ಚುವುದಿಲ್ಲ, ತುಸು ತಗ್ಗುತ್ತದೆ. ಫ್ಯೂಸ್ ಏಕೆ ಹೋದೀತು? ದೀಪ ಮಂಕಾಗಿದೆ ಎಂದು ಚಾಲಕನಿಗೆ ಅನ್ನಿಸಬಹುದು, ಬೇರೆ ಸೂಚನೆಯೇ ಇಲ್ಲ. ಟೇಪಿನ ಅಂಟು ಕರಗುತ್ತದೆ, ಟೇಪು ಬಿಚ್ಚಿಕೊಳ್ಳುತ್ತದೆ, ಪಕ್ಕದ ತಂತಿಯ ಹೊದಿಕೆ ಮೆತ್ತಗಾಗುತ್ತದೆ. ಫ್ಯೂಸ್ ಹೋಲ್ಡರ್‌ಗಳೇ ಕರಗಿ ಕಪ್ಪಾಗಿ, ಒಳಗಿನ ಫ್ಯೂಸ್ ಮಾತ್ರ ಗಟ್ಟಿಯಾಗಿ ಉಳಿದಿರುವುದನ್ನು ಆಟೊ ಎಲೆಕ್ಟ್ರಿಷಿಯನ್ನರ ಬಳಿ ಕೇಳಿದರೆ ತೋರಿಸುತ್ತಾರೆ. ಕಾರಣ ಹೆಚ್ಚು ಸಲ ಇದೇ.

ಆದ್ದರಿಂದ ಜೋಡಣೆಯ ವಿಷಯದಲ್ಲಿ ಜಿಪುಣತನ ಬೇಡ. ಸರಿಯಾದ ಅಳತೆಯ ಲಗ್, ಅದನ್ನು ಒತ್ತುವ ಕ್ರಿಂಪಿಂಗ್ ಇಕ್ಕಳ, ಮೇಲೆ ಬಿಸಿಗೆ ಕುಗ್ಗುವ ತೋಳು, ಹೊರಗೆ ಸುಕ್ಕುಸುಕ್ಕಾದ ಪ್ಲಾಸ್ಟಿಕ್ ಕೊಳವೆ. ಎಲ್ಲವೂ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಚಿಲ್ಲರೆಯಾಗಿ ಸಿಗುತ್ತವೆ. ಸುಲಿಯದೆಯೇ ತಂತಿಯನ್ನು ಕಚ್ಚುವ ಟಿ-ಟ್ಯಾಪ್‌ಗಳು ಅರ್ಧ ಆಂಪಿನ ಕೆಲಸಕ್ಕೆ ಪರವಾಗಿಲ್ಲ, ದೊಡ್ಡ ಕರೆಂಟಿಗೆ ಸಲ್ಲವು. ಕಾರಿನ ಮೂಲ ಕಪ್ಲರಿಗೆ ಹೊಂದುವ ಹಾರ್ನೆಸ್ ಸಿಗುವುದಾದರೆ ನಾಲ್ಕು ಕಾಸು ಹೆಚ್ಚು ಕೊಟ್ಟು ಅದನ್ನೇ ಕೊಳ್ಳಿ. ಹೆಸರಿಲ್ಲದ ಫ್ಯೂಸ್ ಪೊಟ್ಟಣಗಳನ್ನು ಮಾತ್ರ ಅಗ್ಗವೆಂದು ಕೊಳ್ಳಬೇಡಿ, ಬರೆದ ಅಂಕಿಗೆ ಒಳಗಿನ ಪಟ್ಟಿ ಹೊಂದದಿದ್ದರೆ ಅದು ಫ್ಯೂಸೇ ಅಲ್ಲ.

ನೆಗೆಟಿವ್ ಕಡೆಯೂ ಅಷ್ಟೇ ಮುಖ್ಯ. ಬಣ್ಣ ಬಳಿದ ತಗಡಿಗೆ ಸ್ಕ್ರೂ ಬಿಗಿದರೆ ಅರ್ಥ್ ಆಗುವುದಿಲ್ಲ. ಬಣ್ಣ ಕೆರೆದು, ಗಟ್ಟಿ ಬೋಲ್ಟಿಗೆ ಹಾಕಬೇಕು. ಅನೇಕ ಹೊಸ ಕಾರುಗಳಲ್ಲಿ ಬ್ಯಾಟರಿಯ ನೆಗೆಟಿವ್ ತುದಿಯ ಮೇಲೆ ಒಂದು ಪುಟ್ಟ ಸೆನ್ಸರ್ ಕೂತು ಒಳಹೊರಗಿನ ಕರೆಂಟನ್ನೆಲ್ಲ ಎಣಿಸುತ್ತಿರುತ್ತದೆ. ಅಂಥ ಕಾರುಗಳಲ್ಲಿ ಅರ್ಥ್ ತಂತಿಯನ್ನು ಕಾರಿನ ಬಾಡಿಗೆ ಜೋಡಿಸಬೇಕೇ ಹೊರತು ನೇರ ಬ್ಯಾಟರಿ ತುದಿಗಲ್ಲ. ಆ ತುದಿಗೇ ಜೋಡಿಸಿದರೆ ಸೆನ್ಸರಿನ ಲೆಕ್ಕ ತಪ್ಪಿ ಚಾರ್ಜಿಂಗ್ ಏರುಪೇರಾಗುತ್ತದೆ. ಎಲೆಕ್ಟ್ರಿಕ್ ಕಾರುಗಳಲ್ಲೂ ದೀಪ, ಸ್ಟೀರಿಯೊಗಳಿಗೆ 12 ವೋಲ್ಟಿನ ಸಣ್ಣ ಬ್ಯಾಟರಿ ಇದ್ದೇ ಇದೆ, ನಿಯಮಗಳೂ ಇವೇ. ಕಿತ್ತಳೆ ಬಣ್ಣದ ಕೇಬಲ್ಲುಗಳ ಹತ್ತಿರ ಮಾತ್ರ ಕೈ ಸುಳಿಯಬಾರದು. ಅಲ್ಲಿರುವುದು ಪ್ರಾಣ ತೆಗೆಯುವ ವೋಲ್ಟೇಜು.

ಫ್ಯೂಸಿಗೆ ಕಾಣದ ಇನ್ನೊಂದು ತೊಂದರೆ ಬ್ಯಾಟರಿ ಬರಿದಾಗುವುದು. ಪಾರ್ಕಿಂಗ್ ಮೋಡಿನ ಡ್ಯಾಶ್‌ಕ್ಯಾಮ್ ಕಾರು ನಿಂತಾಗಲೂ ಕಾಲು ಆಂಪ್ ಎಳೆದರೆ ದಿನಕ್ಕೆ 6 ಆಂಪ್ ಅವರ್. ಸಣ್ಣ ಕಾರಿನ ಬ್ಯಾಟರಿ 35 ಆಂಪ್ ಅವರ್. ಅದರಲ್ಲಿ ಸ್ಟಾರ್ಟಿಂಗಿಗೆ ತೊಂದರೆಯಾಗದಂತೆ ಬಳಸಬಹುದಾದ್ದು ಅರ್ಧ. ಮೂರು ದಿನ ಊರಿಗೆ ಹೋಗಿ ಬಂದರೆ ಕಾರು ಕದಲುವುದಿಲ್ಲ. ವೋಲ್ಟೇಜು 12ರ ಹತ್ತಿರ ಇಳಿದಾಗ ತಾನೇ ಕಡಿದುಕೊಳ್ಳುವ ಕಿಟ್ ಕೊಳ್ಳಿ, ಇಲ್ಲವೇ ಇಗ್ನಿಷನ್ ಲೈನಿಗೆ ಕೊಡಿಸಿ.

ಫ್ಯೂಸ್ ಹೋದಾಗ

ಒಂದು ದಿನ ಫ್ಯೂಸ್ ಹೋಗುತ್ತದೆ. ಅದೇ ಬಣ್ಣದ್ದು ಹಾಕುತ್ತೀರಿ, ಅದೂ ಹೋಗುತ್ತದೆ. ಆಗ ಸುಲಭದ ದಾರಿಯೊಂದು ಕಣ್ಣಿಗೆ ಬೀಳುತ್ತದೆ: ಕೆಂಪು ನಿಲ್ಲದಿದ್ದರೆ ನೀಲಿ, ನೀಲಿಯೂ ನಿಲ್ಲದಿದ್ದರೆ ಹಸಿರು, ಅದೂ ಇಲ್ಲದಿದ್ದರೆ ಸಿಗರೇಟ್ ಪ್ಯಾಕಿನ ಬೇಗಡೆ. ದಯವಿಟ್ಟು ಆ ದಾರಿ ಹಿಡಿಯಬೇಡಿ. 10 ಆಂಪ್ ಜಾಗದಲ್ಲಿ 30 ಆಂಪ್ ಫ್ಯೂಸ್ ಹಾಕಿದರೆ ತಂತಿಯ ಮೇಲೆ ಬೀಳಬಹುದಾದ ಬಿಸಿ ಮೂರು ಪಟ್ಟಲ್ಲ, ಒಂಬತ್ತು ಪಟ್ಟು. ಎರಡನೇ ಫ್ಯೂಸ್ ಹೋಯಿತೆಂದರೆ ಎಲ್ಲೋ ಶಾರ್ಟ್ ಇದೆ, ಇಲ್ಲವೇ ಹೊರೆ ಹೆಚ್ಚಿದೆ. ಹುಡುಕಿ ಸಿಗುವವರೆಗೆ ಆ ಲೈನ್ ಸತ್ತೇ ಇರಲಿ. ಹೋದ ಫ್ಯೂಸನ್ನೂ ಎಸೆಯುವ ಮುನ್ನ ನೋಡಿ. ಒಳಗೆ ಕಪ್ಪು ಮಸಿ ಎರಚಿದ್ದರೆ ಕರೆಂಟು ಒಮ್ಮೆಲೇ ನುಗ್ಗಿದೆ, ನೇರ ಶಾರ್ಟ್. ಪಟ್ಟಿ ಮಸಿಯಿಲ್ಲದೆ ನಡುವೆ ಕರಗಿ ತುಂಡಾಗಿದ್ದರೆ ಹೊರೆ ನಿಧಾನಕ್ಕೆ ಹೆಚ್ಚಿದೆ. ಎಲ್ಲಿ ಹುಡುಕಬೇಕೆಂದು ತೋರಿಸುವ ಮೊದಲ ಸುಳಿವು ಅದು. ಮಲೆನಾಡಿನಲ್ಲಾಗಲಿ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಾಗಲಿ ಇಲಿ ಕಡಿದ ತಂತಿಯೂ ಈ ಹುಡುಕಾಟದಲ್ಲಿ ಆಗಾಗ ಸಿಗುತ್ತದೆ.

2023ರ ಫೆಬ್ರುವರಿಯಲ್ಲಿ ಕೇರಳದ ಕಣ್ಣೂರಿನಲ್ಲಿ, ಹೆರಿಗೆಗೆಂದು ಆಸ್ಪತ್ರೆಗೆ ಹೊರಟಿದ್ದ ಕಾರಿಗೆ ಬೆಂಕಿ ಹತ್ತಿ ಮುಂದಿನ ಸೀಟಿನಲ್ಲಿದ್ದ ದಂಪತಿ ಹೊರಬರಲಾಗದೆ ಸತ್ತರು. ಶಾರ್ಟ್ ಸರ್ಕ್ಯೂಟ್ ಕಾರಣವಿರಬಹುದೆಂದು ಪ್ರಾಥಮಿಕ ತನಿಖೆ ಹೇಳಿತು. ಎಲ್ಲ ಬೆಂಕಿಗೂ ಹೊರಗಿನ ಫಿಟಿಂಗೇ ಕಾರಣ ಎನ್ನುವುದು ಅನ್ಯಾಯ. ಇಂಧನ ಸೋರಿಕೆ, ಹಳಸಿದ ಮೂಲ ವೈರಿಂಗ್, ಅಪಘಾತ, ಎಲ್ಲವೂ ಇವೆ. ಆದರೆ ಹೊರಗಿನ ಫಿಟಿಂಗಿನಿಂದ ಬರುವ ಬೆಂಕಿಯನ್ನು ತಡೆಯುವುದು ನಮ್ಮ ಕೈಯಲ್ಲಿದೆ, ಕೆಲವು ರೂಪಾಯಿಯ ಫ್ಯೂಸಿನಿಂದ, ಬಿಗಿಯಾದ ಜೋಡಣೆಯಿಂದ ತಪ್ಪಿಸಬಹುದಾದ್ದು ಅದು. ಮೂಲ ವೈರು ಕತ್ತರಿಸಿದ್ದು ಕಂಡರೆ ಕಂಪನಿ ವಾರಂಟಿಯನ್ನೂ, ಅದೇ ಬೆಂಕಿಗೆ ಕಾರಣವೆಂದು ತೋರಿದರೆ ವಿಮಾ ಕಂಪನಿ ಪರಿಹಾರವನ್ನೂ ನಿರಾಕರಿಸಬಹುದು.

ಕೆಲಸ ಮಾಡಿಸುವ ದಿನ ಅಂಗಡಿಯ ಕಾಫಿ ಕುಡಿಯುತ್ತ ಹೊರಗೆ ಕೂರಬೇಡಿ, ಪಕ್ಕದಲ್ಲಿ ನಿಲ್ಲಿ. ಮೊದಲು ಬ್ಯಾಟರಿಯ ನೆಗೆಟಿವ್ ತುದಿ ಬಿಚ್ಚಲಿ. ಪಾಸಿಟಿವ್ ಮೊದಲು ಬಿಚ್ಚಿದರೆ ಸ್ಪ್ಯಾನರ್ ಬಾಡಿಗೆ ತಾಗಿ ಕಿಡಿ ಹಾರಬಹುದು. ಫಿಟಿಂಗ್ ಮುಗಿದ ಮೇಲೆ ಹೊಸ ಉಪಕರಣವನ್ನು ಪೂರ್ತಿ ಹೊರೆಯಲ್ಲಿ ಇಪ್ಪತ್ತು ನಿಮಿಷ ಓಡಿಸಿ, ಫ್ಯೂಸ್ ಹೋಲ್ಡರನ್ನೂ ಪ್ರತಿಯೊಂದು ಗಂಟನ್ನೂ ಕೈಯಿಂದ ಮುಟ್ಟಿ ನೋಡಿ. ಉಗುರುಬೆಚ್ಚಗಿದ್ದರೆ ಸರಿ. ಬೆರಳು ಇಡಲಾಗದಿದ್ದರೆ ಬಿಚ್ಚಿ ಮತ್ತೆ ಮಾಡಿಸಿ. ಹಾಕಿದ ಬಣ್ಣದ್ದೇ ಎರಡು ಫ್ಯೂಸುಗಳನ್ನು ಬಾಕ್ಸಿನೊಳಗೆ ಇಟ್ಟುಕೊಳ್ಳಿ. ಕೊನೆಗೆ ಫ್ಯೂಸ್ ಬಾಕ್ಸಿನ ಮುಚ್ಚಳದ ಒಳಬದಿಗೆ ಒಂದು ಚೀಟಿ ಅಂಟಿಸಿ: ಯಾವ ಉಪಕರಣ, ಲೈನ್ ಎಲ್ಲಿಂದ, ತಂತಿ ಎಷ್ಟು ಚದರ ಮಿಲಿಮೀಟರ್, ಫ್ಯೂಸ್ ಎಷ್ಟು ಆಂಪ್, ಎಲ್ಲಿದೆ, ಯಾವ ದಿನಾಂಕ. ನಾಲ್ಕು ವರ್ಷದ ನಂತರ ರಾತ್ರಿ ದಾರಿಯಲ್ಲಿ ಕಾರು ನಿಂತಾಗ ಬಾನೆಟ್ ಎತ್ತುವ ಅಪರಿಚಿತ ಮೆಕ್ಯಾನಿಕ್‌ಗೆ ಕಂಪನಿಯ ನಕ್ಷೆಯಲ್ಲಿ ಈ ತಂತಿ ಸಿಗುವುದಿಲ್ಲ; ಆ ಚೀಟಿಯಲ್ಲಿ ಸಿಗುತ್ತದೆ.